ಕಲಬುರಗಿಯಿಂದ ಕಮಲಾಪುರಕ್ಕೆ: ಒಂದು ವಿದ್ಯುತ್ ಮೋಟಾರಿನ ಪ್ರಯಾಣ

ಕಲಬುರಗಿಯ ಬೇಸಗೆಯನ್ನು ಕುರಿತು ಕೇಳಿ ತಿಳಿದವರು ಬಹು ಮಂದಿ. ಅದರ ನಿಜವಾದ ರುಚಿಯನ್ನು ಅಲ್ಲಿ ಬಾಳಿದವರೇ ಬಲ್ಲರು. ಏಪ್ರಿಲ್ ತಿಂಗಳು ಕಾಲಿಟ್ಟಿತೆಂದರೆ ಹನ್ನೊಂದು ಗಂಟೆಯ ಹೊತ್ತಿಗೇ ಬೀದಿಗಳು ಬರಿದಾಗತೊಡಗುತ್ತವೆ. ಮಧ್ಯಾಹ್ನದ ಉಷ್ಣಮಾನ 42, 43 ಡಿಗ್ರಿಗಳನ್ನು ಮುಟ್ಟುವುದು ನಮಗೆ ಸುದ್ದಿಯೇ ಅಲ್ಲ. ಇಂಥ ಊರಿನಲ್ಲಿ, ಇಂಥ ಕಾಲದಲ್ಲಿ, ಅರುವತ್ತಾರು ವರ್ಷದ ನಿವೃತ್ತ ಗಣಿತದ ಮಾಸ್ತರನೊಬ್ಬನು ವಿದ್ಯುತ್ತಿನಿಂದ ಓಡುವ ಚಿಕ್ಕ ಕಾರೊಂದನ್ನು ಕೊಳ್ಳಲು ಹೊರಟರೆ ಓಣಿಯ ಜನ ನಗದೆ ಬಿಟ್ಟಾರೆಯೆ? ನಕ್ಕರು. ಆ ನಗೆಯನ್ನು ಬೆನ್ನಿಗೆ ಕಟ್ಟಿಕೊಂಡೇ ನಾನು ಕೈಕೊಂಡ 39 ಕಿಲೋಮೀಟರುಗಳ ಪ್ರಯಾಣದ ವೃತ್ತಾಂತವಿದು. ಕಾಶಿ ಬದರಿಗಳಿಗೆ ಹೋಗಿಬಂದು ಬರೆಯುವವರ ನಡುವೆ ಇದನ್ನು ಪ್ರವಾಸವೆಂದು ಕರೆಯಲು ಸಂಕೋಚವಾಗುತ್ತದೆ. ಆದರೂ ಹೋಗಿಬಂದದ್ದು ನಿಜ. ಹೋಗುವ ಮುನ್ನ ನಿದ್ದೆಗೆಟ್ಟದ್ದೂ ನಿಜ.

ನಮ್ಮ ಊರನ್ನು ಕಾಣದ ವಾಚಕರಿಗಾಗಿ ನಾಲ್ಕು ಮಾತು. 2014ರ ನವೆಂಬರ್ 1ರಂದು ಸರಕಾರದ ಕಾಗದಪತ್ರಗಳಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಬಂದಿತು. ಜನರ ನಾಲಗೆಯ ಮೇಲೆ ಎರಡೂ ಉಳಿದಿವೆ. 1347ರಲ್ಲಿ ಬಹಮನಿ ಸುಲ್ತಾನರು ಇದನ್ನು ರಾಜಧಾನಿಯಾಗಿ ಮಾಡಿಕೊಂಡರು. ಕೋಟೆಯೊಳಗಿನ ಜಾಮಿ ಮಸೀದಿ 1367ರದು; ತೆರೆದ ಅಂಗಳವೇ ಇಲ್ಲದೆ ಇಡಿಯ ನೆಲವನ್ನು ಗುಮ್ಮಟಗಳಿಂದ ಮುಚ್ಚಿದ ಅಪೂರ್ವ ಕಟ್ಟಡ. ವಿದ್ವಾಂಸರು ಇದಕ್ಕೆ ಬೇರೆ ಬೇರೆ ಕಾರಣಗಳನ್ನು ಹೇಳಿಯಾರು. ಮೇ ತಿಂಗಳಿನಲ್ಲಿ ಅದರೊಳಗೆ ಹೊಕ್ಕು ನಿಂತ ನನ್ನಂಥವನಿಗೆ ಕಾರಣ ಕೇಳಬೇಕೆನ್ನಿಸುವುದಿಲ್ಲ. ಒಂದು ಕಡೆ ಶರಣಬಸವೇಶ್ವರರ ಗುಡಿ, ಇನ್ನೊಂದು ಕಡೆ ಬಂದೇನವಾಜರ ದರ್ಗಾ. ಜಾತ್ರೆಯ ಕಾಲದಲ್ಲಾಗಲಿ ಉರುಸಿನ ಕಾಲದಲ್ಲಾಗಲಿ ಈ ಎರಡರ ನಡುವಣ ಬೀದಿಗಳಲ್ಲಿ ದೊಡ್ಡ ಮೋಟಾರನ್ನು ತಿರುಗಿಸಿ ನಿಲ್ಲಿಸಿದವನಿಗೆ ಶೂರನೆಂಬ ಬಿರುದು ಸಲ್ಲಬೇಕು. ಸೂಪರ್ ಮಾರ್ಕೆಟಿನ ಸುತ್ತಣ ಪ್ರದೇಶದಲ್ಲಂತೂ ಕೈಗಾಡಿ, ಆಟೋ, ತೊಗರಿಯ ಚೀಲ ಹೊತ್ತ ಟೆಂಪೊ, ಇವೆಲ್ಲವುಗಳ ನಡುವೆ ನುಸುಳಲು ಚಿಕ್ಕ ಗಾಡಿಯೇ ಲೇಸು. ಈ ಮಟ್ಟಿಗೆ ನನ್ನ ಆಯ್ಕೆಯನ್ನು ಓಣಿಯವರೂ ಒಪ್ಪಿದರು. ಅವರು ನಕ್ಕದ್ದು ಅದನ್ನು ತೆಗೆದುಕೊಂಡು ಕಮಲಾಪುರಕ್ಕೆ ಹೋಗುತ್ತೇನೆಂದಾಗ.

ಕಮಲಾಪುರವೆಂದರೆ ಹಂಪೆಯ ಬಳಿಯ ಕಮಲಾಪುರವಲ್ಲ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲೆ, ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿ ನನ್ನ ಅಕ್ಕ ಇದ್ದಾಳೆ. ಎಪ್ಪತ್ತೆರಡು ವಯಸ್ಸು. ಭಾವನವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಮಗ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾನೆ. ಎರಡು ಎಕರೆ ತೋಟ, ಒಬ್ಬ ಆಳುಮಗ, ಇಷ್ಟೇ ಅವಳ ಪ್ರಪಂಚ. ಕಳೆದ ವರ್ಷ ಅವಳ ಮೂತ್ರಪಿಂಡಗಳು ಕೈಬಿಟ್ಟವು. ವಾರಕ್ಕೆ ಎರಡು ಸಲ ಕಲಬುರಗಿಯ ಆಸ್ಪತ್ರೆಗೆ ಬಂದು, ನಾಲ್ಕು ಗಂಟೆಗಳ ಕಾಲ ಯಂತ್ರದ ಪಕ್ಕದಲ್ಲಿ ಮಲಗಿ ರಕ್ತವನ್ನು ಶುದ್ಧಿ ಮಾಡಿಸಿಕೊಂಡು ಹೋಗಬೇಕು. ಡಯಾಲಿಸಿಸ್ ಎಂಬ ಈ ಹೆಸರು ಈಗ ನಮ್ಮ ಹಳ್ಳಿಗಳಲ್ಲಿಯೂ ಮಲೇರಿಯದಷ್ಟೇ ಬಳಕೆಯ ಮಾತಾಗಿದೆ.

“ನಮ್ಮ ಮನಿಗೇ ಬಂದು ಇದ್ದುಬಿಡು ಅಕ್ಕಾ” ಎಂದು ನಾನೂ ನನ್ನ ಹೆಂಡತಿಯೂ ಎಷ್ಟೋ ಸಲ ಹೇಳಿದೆವು. ಕೆಂಪು ಬಾಳೆಯ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ. ಉಳಿದ ಬಾಳೆಗಳಿಗಿಂತ ಗೊಬ್ಬರ ಹೆಚ್ಚು, ನೀರು ಹೆಚ್ಚು, ಆರೈಕೆ ಹೆಚ್ಚು. “ಗೊನಿ ಬೀಳೋತನಕ ಬಿಟ್ಟು ಬರಲಾರೆ ತಮ್ಮಾ” ಎಂಬುದೇ ಅವಳ ಉತ್ತರ. ಒಂದು ಸಾಲಿನ ಗೊನೆ ಇಳಿಯುವಷ್ಟರಲ್ಲಿ ಇನ್ನೊಂದು ಸಾಲಿನ ಕಂದು ಎದ್ದಿರುತ್ತದೆಯಾಗಿ, ಆ ಮಾತಿಗೆ ಕೊನೆಯೆಂಬುದಿಲ್ಲ. ಇನ್ನೂ ಒಂದು ಸಂಗತಿಯಿದೆ. ಈ ರೋಗದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವ ಆಹಾರ ಕೂಡದು. ಬಾಳೆಯಹಣ್ಣು ಆ ಪಟ್ಟಿಯ ಮೊದಲ ಸಾಲಿನಲ್ಲೇ ಇದೆ. ತಾನು ಬೆಳೆದ ಹಣ್ಣನ್ನು ಅವಳು ಬಾಯಿಗಿಡದೆ ಒಂದು ವರ್ಷವಾಯಿತು. ಮುಟ್ಟಿ ನೋಡಿ, ಮೂಸಿ, ಮಾಗಿದೆಯೆಂದು ಹೇಳುತ್ತಾಳೆ, ತಪ್ಪುವುದಿಲ್ಲ.

ಬರುವುದು ಹೇಗೆ? ಹೆಂಗಸರಿಗೆ 2023ರ ಜೂನಿನಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಆದರೆ ಚಿಕಿತ್ಸೆ ಮುಗಿಸಿ ಹೊರಬಂದ ಅಕ್ಕನಿಗೆ ಬೇಕಾದುದು ಟಿಕೆಟ್ಟಲ್ಲ, ಒರಗಿಕೊಳ್ಳಲು ಒಂದು ಆಸರೆ. ಬೀದರ-ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರಿನಲ್ಲಿ ಪ್ರಾರಂಭವಾಗಿ ಕಮಲಾಪುರಕ್ಕೂ ನಿಲ್ದಾಣ ಬಂದಿದೆ. ರೈಲಿನ ವೇಳೆಗೂ ಯಂತ್ರದ ಸರದಿಗೂ ಕೂಡಿಬರಲಿಲ್ಲ. ಉಳಿದದ್ದು ಬಾಡಿಗೆಯ ಕಾರು. ದಿನಕ್ಕೆ 2,200 ರೂಪಾಯಿ. ವಾರಕ್ಕೆ ಎರಡು ಸಲದಂತೆ ವರ್ಷಕ್ಕೆ 104 ಸಲ. ಒಟ್ಟು 2,28,800 ರೂಪಾಯಿ. ನಿವೃತ್ತಿವೇತನದವನ ಎದೆ ನಡುಗಲು ಇಷ್ಟು ಸಾಲದೆ? ಎಂಟು ಲಕ್ಷದ ವಿದ್ಯುತ್ ಕಾರು ಎಷ್ಟು ದಿನಕ್ಕೆ ತನ್ನ ಬೆಲೆಯನ್ನು ತಾನೇ ತೀರಿಸೀತೆಂದು ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ವಿದ್ಯುತ್ತಿನ ಖರ್ಚು ಕಳೆದು ಉತ್ತರ ಬಂದದ್ದು ಮೂರು ವರ್ಷ ಒಂಬತ್ತು ತಿಂಗಳು. ಬರೆದ ಮೇಲೆ, ನಾನು ಲೆಕ್ಕ ಹಾಕುತ್ತಿದ್ದುದು ಕಾರಿನ ಆಯುಷ್ಯವನ್ನೋ ಅಕ್ಕನ ಆಯುಷ್ಯವನ್ನೋ ಎಂಬುದು ಹೊಳೆದು ಮೈ ಜುಮ್ಮೆಂದಿತು. ಆ ಕಾಗದವನ್ನು ಹರಿದು ಹಾಕಿದೆ.

ವಿದ್ಯುತ್ ಕಾರು ಕನ್ನಡನಾಡಿಗೆ ಹೊಸದಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮಗನನ್ನು ಕಾಣಲು ಬೆಂಗಳೂರಿಗೆ ಹೋಗಿದ್ದಾಗ, ಮಕ್ಕಳ ಆಟಿಕೆಯನ್ನು ಹೋಲುವ ಗಾಡಿಯೊಂದು ಸದ್ದಿಲ್ಲದೆ ನನ್ನ ಪಕ್ಕದಲ್ಲಿ ಬಂದು ನಿಂತು ನನ್ನನ್ನು ಬೆಚ್ಚಿಬೀಳಿಸಿತ್ತು. ಅದು ರೇವಾ. ಚೇತನ್ ಮೈನಿಯವರು ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ 2001ರಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಸೀಸದ ಬ್ಯಾಟರಿಗಳು, ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, ಒಮ್ಮೆ ತುಂಬಿಸಿದರೆ 80 ಕಿಲೋಮೀಟರು. ನಮ್ಮವರು ಅದನ್ನು ನೋಡಿ ನಕ್ಕರು. ಲಂಡನ್ನಿನವರು ಜಿ-ವಿಜ್ ಎಂಬ ಹೆಸರಿಟ್ಟು ಕೊಂಡರು. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರದವರ ಕೈಸೇರಿತು. ಆ 80 ಕಿಲೋಮೀಟರಿನ ಗಾಡಿ ನನಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಕಮಲಾಪುರಕ್ಕೆ ಹೋಗಿ ಬಂದರೆ 78. ಆಸ್ಪತ್ರೆಯ ಗೇಟಿನಲ್ಲಿ ನಿಂತುಬಿಡುತ್ತಿತ್ತು.

ಇಂದಿನ ಗಾಡಿಗಳು ಬೇರೆ. ಲಿಥಿಯಂ ಬ್ಯಾಟರಿ ಬಂದ ಮೇಲೆ ಅದೇ ತೂಕದಲ್ಲಿ ಬಹಳ ಹೆಚ್ಚಿನ ಶಕ್ತಿ ಹಿಡಿಯುತ್ತದೆ. 2022ರಲ್ಲಿ ಟಾಟಾದವರ ಟಿಯಾಗೊ ಬಂದಿತು, 8 ಲಕ್ಷ 49 ಸಾವಿರಕ್ಕೆ, 2023ರಲ್ಲಿ ಎಂ.ಜಿ.ಯವರ ಕಾಮೆಟ್, 7 ಲಕ್ಷ 98 ಸಾವಿರಕ್ಕೆ. ಇವು ಆರಂಭದ ಬೆಲೆಗಳು. ಕಾಮೆಟ್ಟಿನ ಉದ್ದ ಮೂರು ಮೀಟರಿಗೂ ಕಡಿಮೆ, ಬ್ಯಾಟರಿ 17.3 ಯೂನಿಟ್ ಹಿಡಿಯುತ್ತದೆ. ಕರಪತ್ರದ ಪ್ರಕಾರ 230 ಕಿಲೋಮೀಟರು ಓಡುತ್ತದೆ. ಟಿಯಾಗೊವಿನಲ್ಲಿ 19.2 ಮತ್ತು 24 ಯೂನಿಟ್ಟಿನ ಎರಡು ಬಗೆ. 250 ಮತ್ತು 315 ಕಿಲೋಮೀಟರುಗಳೆಂದು ಆಗ ಸಾರಿದರು. ಮೊದಲನೆಯದಕ್ಕೆ ಎರಡು ಬಾಗಿಲು, ಎರಡನೆಯದಕ್ಕೆ ನಾಲ್ಕು. ಇವುಗಳಲ್ಲಿ ಯಾವುದನ್ನು ಕೊಂಡೆ, ಅಥವಾ ಇವೆರಡನ್ನೂ ಬಿಟ್ಟು ಬೇರೊಂದನ್ನು ಕೊಂಡೆನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಪ್ರವಾಸಲೇಖನ ಜಾಹೀರಾತಾಗಬಾರದು. ಬ್ಯಾಟರಿಯನ್ನು ಬಿಟ್ಟು ಗಾಡಿಯನ್ನಷ್ಟೇ ಕೊಂಡು, ಬ್ಯಾಟರಿಗೆ ಕಿಲೋಮೀಟರಿಗಿಷ್ಟೆಂದು ಬಾಡಿಗೆ ಕೊಡುವ ಏರ್ಪಾಡೊಂದು 2024ರಲ್ಲಿ ಬಂದಿತು. ಎತ್ತನ್ನು ಕೊಂಡು ಅದರ ಹೊಟ್ಟೆಯನ್ನು ಬಾಡಿಗೆಗೆ ಹಿಡಿದಂತೆ! ಕಡಿಮೆ ಓಡಾಡುವವರಿಗೆ ಅದು ಅನುಕೂಲವಿದ್ದೀತು. ದಿನಕ್ಕೆ ನೂರೈವತ್ತು ಕಿಲೋಮೀಟರು ಸುತ್ತಬೇಕಾದ ನನಗೆ ಒಗ್ಗಲಿಲ್ಲ.

ನೂರೈವತ್ತೆಂದೆನಲ್ಲವೆ? ವಾಚಕರು ಗಮನಿಸಬೇಕು. ನನ್ನ ಮನೆಯ ಬಾಗಿಲಿನಿಂದ ಅಕ್ಕನ ತೋಟದ ಬೇಲಿಯವರೆಗೆ 39 ಕಿಲೋಮೀಟರು. ಬೆಳಿಗ್ಗೆ ನಾನು ಅಲ್ಲಿಗೆ ಹೋಗಬೇಕು, ಅವಳನ್ನು ಕರೆತರಬೇಕು, ಮಧ್ಯಾಹ್ನ ಅವಳನ್ನು ಮುಟ್ಟಿಸಬೇಕು, ಮತ್ತೆ ನಾನು ಮನೆ ಸೇರಬೇಕು. ನಾಲ್ಕು ಸಲ 39, ಎಂದರೆ 156. ಇದೇ ನನ್ನ ಪ್ರಶ್ನೆಯಾಗಿತ್ತು.

ಹುಮನಾಬಾದ್ ರಿಂಗ್ ರಸ್ತೆಯ ಕಡೆಯ ಒಂದು ಮಳಿಗೆಗೆ ಹೋದೆವು. ಇಸ್ತ್ರಿ ಮುರಿಯದ ಅಂಗಿಯ ತರುಣನೊಬ್ಬನು ತಣ್ಣಗಿನ ನೀರು ಕೊಟ್ಟು ಉಪಚರಿಸಿದ. “ಸರ್, ಒಮ್ಮಿ ಚಾರ್ಜ್ ಮಾಡಿದ್ರಿ ಅಂದ್ರ ಸೀದಾ ಹೈದರಾಬಾದ್ ಮುಟ್ಟತೀರಿ ನೋಡ್ರಿ” ಎಂದ. ಹೈದರಾಬಾದು ನಮ್ಮಿಂದ ಸುಮಾರು 220 ಕಿಲೋಮೀಟರು.

“ಎ.ಸಿ. ಹಾಕ್ಕೊಂಡು?” ಎಂದೆ.

“ಎ.ಸಿ. ಹಾಕಿದ್ರ ಸ್ವಲ್ಪ ಕಡಿಮಿ ಆಗ್ತದ್ರಿ.”

“ಸ್ವಲ್ಪ ಅಂದ್ರ ಎಷ್ಟಪಾ?”

ಅವನು ಯೋಚಿಸಿದ. “ಸ್ವಲ್ಪ ಅಂದ್ರ... ಸ್ವಲ್ಪ್ರೀ ಸರ್.”

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನಿಗೆ ಇಂಥ ಉತ್ತರ ಸಹಿಸಲಾದೀತೆ? ಕರಪತ್ರದ ಅಂಕೆ ಸುಳ್ಳಲ್ಲ. ಆದರೆ ಅದನ್ನು ಅಳೆಯುವುದು ಪ್ರಯೋಗಶಾಲೆಯಲ್ಲಿ, ಉರುಳೆಗಳ ಮೇಲೆ ಗಾಡಿಯನ್ನು ಗೊತ್ತಾದ ವೇಗಗಳಲ್ಲಿ ಓಡಿಸಿ. ಅಲ್ಲಿ ಕಲಬುರಗಿಯ ಬಿಸಿಲಿಲ್ಲ, ಎದುರುಗಾಳಿಯಿಲ್ಲ, ಏರಿಲ್ಲ. ನಾನು ಹೇಳಿದೆ: “ಹೈದರಾಬಾದ್ ನನಗ ಬ್ಯಾಡ. ನಾಳಿ ಮಧ್ಯಾಹ್ನ ಹನ್ನೆರಡಕ್ಕ ಗಾಡಿ ತುಂಬಿಸಿ ತಗೊಂಡ್ ಬಾ. ಕಮಲಾಪುರಕ್ಕ ಹೋಗಿ ಬರೋಣ. ಎ.ಸಿ. ಆರಿಸಬಾರದು. ಆಮ್ಯಾಲ ರೊಕ್ಕದ ಮಾತು.” ತರುಣನು ಒಳಗೆ ಹೋಗಿ ಯಾರನ್ನೋ ಕೇಳಿ ಬಂದು ಒಪ್ಪಿದ. ಕಾರು ಕೊಳ್ಳುವ ವಿಷಯದಲ್ಲಿ ನಾನು ಮಾಡಿದ ಒಂದೇ ಒಂದು ಜಾಣತನವೆಂದರೆ ಇದು.

ಮರುದಿನ ಹನ್ನೆರಡು ಹತ್ತಕ್ಕೆ ಹೊರಟೆವು. ನಾನು ಚಾಲಕ, ತರುಣನು ಪಕ್ಕದಲ್ಲಿ, ನನ್ನ ಹೆಂಡತಿ ಹಿಂದೆ. ಎದುರಿನ ಫಲಕದ ಮೇಲೆ ನೂರು ಎಂಬ ಅಂಕೆ ಬೆಳಗುತ್ತಿತ್ತು. ಪೆಟ್ರೋಲಿನ ಮುಳ್ಳು ದಯಾಳು, ನಿಧಾನವಾಗಿ ಕೆಳಗಿಳಿಯುತ್ತದೆ. ಈ ಅಂಕೆಯಾದರೋ ಒಂದೊಂದನ್ನೂ ಎಣಿಸಿ ಕಳೆಯುತ್ತದೆ. ಊರು ದಾಟುವವರೆಗೆ ಸಮಾಧಾನವಿತ್ತು. ನಿಂತು ನಿಂತು ಹೋಗುವ ಬೀದಿಗಳಲ್ಲಿ ಇಂಥ ಗಾಡಿ ಹೆಚ್ಚು ಶಕ್ತಿಯನ್ನು ಬೇಡುವುದಿಲ್ಲ. ವೇಗ ತಗ್ಗಿಸಿದಾಗ ಚಕ್ರಗಳೇ ಮೋಟಾರನ್ನು ತಿರುಗಿಸಿ ಒಂದಷ್ಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತವೆ. ಪೆಟ್ರೋಲು ಗಾಡಿಗೆ ಊರಿನ ಸಂದಣಿ ನಷ್ಟ, ಇದಕ್ಕೆ ಹೆದ್ದಾರಿಯ ವೇಗ ನಷ್ಟ. ಎಂಬತ್ತರ ವೇಗಕ್ಕೆ ಹೋಗಿ ನೋಡಿದೆ. ಅಂಕೆ ಸರಸರನೆ ಇಳಿಯಿತು. ಅರುವತ್ತಕ್ಕೆ ಬಂದೆ, ತಡೆದುಕೊಂಡಿತು. ಹಿಂದಿನಿಂದ ಬಂದ ಲಾರಿಗಳು ಕೂಗಿ ಕೂಗಿ ಮುಂದೆ ಹೋದವು. ಅವು ಪಕ್ಕದಲ್ಲಿ ಹಾದಾಗ ಗಾಡಿ ತುಸು ಅಲುಗುತ್ತದೆಂಬುದನ್ನು ಮುಚ್ಚಿಡಲಾರೆ. ಇದು ನಗರಕ್ಕೆಂದು ಮಾಡಿದ ಗಾಡಿ. ಹೆದ್ದಾರಿಯ ಮೇಲೆ ಅದು ಬೀಗರ ಮನೆಗೆ ಬಂದ ಬಡವನಂತೆ ಅಂಚಿನಲ್ಲಿ ನಡೆಯಬೇಕು.

ಎರಡೂ ಕಡೆ ಉತ್ತು ಬಿಟ್ಟ ಎರೆಹೊಲಗಳು. ತೊಗರಿ ಕೊಯ್ಲಾಗಿ ತಿಂಗಳುಗಳಾಗಿವೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬೇಳೆ ಬೆಳೆಯುವ ನೆಲ ಈ ಕಾಲದಲ್ಲಿ ಬಿರುಕುಬಿಟ್ಟು ಬಾಯಿ ತೆರೆದುಕೊಂಡಿರುತ್ತದೆ. ಬಿಸಿಲುಕುದುರೆ ರಸ್ತೆಯ ಮೇಲೆ ನೀರಿನಂತೆ ಹೊಳೆಯುತ್ತಿತ್ತು. ಬಹಮನಿ ಅರಸ ಅಹಮದ್ ಶಹಾ ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದದ್ದು ಇದೇ ದಿಕ್ಕಿಗೆ. ಆನೆ, ಒಂಟೆ, ಬಂಡಿ, ಬೊಕ್ಕಸ, ಜನಾನ, ಎಲ್ಲವನ್ನೂ ಕರೆದುಕೊಂಡು ಹೋದವರು ದಾರಿಯಲ್ಲಿ ಎಷ್ಟು ಕಡೆ ನೀರು ಮೇವಿಗೆ ನಿಂತರೋ! ಅವರ ಆನೆಗಳ ವ್ಯಾಪಾರಿಯೂ “ಒಮ್ಮಿ ಮೇಯಿಸಿದ್ರ ಸೀದಾ ಬೀದರ್ರೀ” ಎಂದಿದ್ದನೇನೋ ಎಂದು ನಾನೆಂದರೆ, ತರುಣನು ನಗಲಿಲ್ಲ; ಅವನ ಕಣ್ಣೂ ಫಲಕದ ಮೇಲೆಯೇ ಇತ್ತು. ಮಹಾಗಾಂವ್ ಕ್ರಾಸ್ ಬರುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ದಾರಿ ಕಳೆದಿತ್ತು. ಅಲ್ಲಿಂದ ಮುಂದೆ ನೆಲದ ಬಣ್ಣ ಬದಲಾಗುತ್ತ ಹೋಗುತ್ತದೆ. ಕಪ್ಪು ಹಿಂದೆ ಸರಿದು ಕೆಂಪು ಜಂಬಿಟ್ಟಿಗೆಯ ಮಣ್ಣು ಮೇಲೆ ಬರುತ್ತದೆ. ಬೀದರ ಪ್ರಸ್ಥಭೂಮಿಯ ಕಡೆಗೆ ಭೂಮಿ ಮೆಲ್ಲಮೆಲ್ಲನೆ ಏರುತ್ತದೆ. ಕಣ್ಣಿಗೆ ಕಾಣದ ಆ ಏರನ್ನು ಫಲಕದ ಅಂಕೆ ಕಂಡಿತು. ಅಕ್ಕನ ಬೇಲಿಯ ಬಳಿ ನಿಲ್ಲಿಸಿದಾಗ ಉಳಿದದ್ದು 74.

ಗಾಡಿಯ ಸುತ್ತ ಜನ ನೆರೆದರು. “ಸಪ್ಪಳಾನೇ ಇಲ್ಲಲ್ಲೋ!” ಎಂದು ಒಬ್ಬರು, “ಸಣ್ಣದಾದ್ರೂ ಛಂದ ಅದ” ಎಂದು ಇನ್ನೊಬ್ಬರು, “ಮಳಿಯಾಗ ಕರೆಂಟ್ ಹೊಡಿಯಂಗಿಲ್ಲೇನ್ರೀ ಮಾಸ್ತರ?” ಎಂದು ಮೂರನೆಯವರು. ಅಕ್ಕ ನಿಧಾನವಾಗಿ ಹೊರಗೆ ಬಂದು ಕಾರಿನ ಬೆನ್ನ ಮೇಲೆ ಕೈಯಿಟ್ಟು ನೋಡಿದಳು, ಗೊನೆಯನ್ನು ಮುಟ್ಟಿ ನೋಡುವಂತೆಯೇ. “ಬಾಳ ಸುಡಲಿಕತ್ತದ. ನೆರಳಿಗೆ ಹಚ್ಚು” ಎಂದಳು. ತಿಳಿದೋ ತಿಳಿಯದೆಯೋ ಅವಳು ಸರಿಯಾದ ಮಾತನ್ನೇ ಆಡಿದ್ದಳು. ಬ್ಯಾಟರಿಗೆ ಬಿಸಿ ಆಗದು. ತುಂಬಿದ ಬ್ಯಾಟರಿಯನ್ನು ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸುವುದು ಅದರ ಆಯುಷ್ಯಕ್ಕೆ ಕೇಡು. ಎಂಟು ವರ್ಷದ ಖಾತರಿ ಕಾಗದದಲ್ಲಿರಬಹುದು. ಬೇವಿನ ಮರದ ನೆರಳನ್ನು ನಾವೇ ಹುಡುಕಬೇಕು.

ಊಟಕ್ಕೆ ಕೂಡುವ ಮೊದಲು ತರುಣನು ಗಾಡಿಯ ಜೊತೆಗೆ ಬಂದ ತಂತಿಯನ್ನು ಪಡಸಾಲೆಯ ದೊಡ್ಡ ಪ್ಲಗ್ಗಿಗೆ ಸಿಕ್ಕಿಸಿದ. ಹಸಿರು ದೀಪ ಬರಬೇಕಾದಲ್ಲಿ ಕೆಂಪು ದೀಪ ಬಂತು. ತೆಗೆದು ಮತ್ತೆ ಹಾಕಿದ; ಮತ್ತೆ ಕೆಂಪು. ಮಿಕ್ಸರು ಓಡುವ, ಟಿ.ವಿ. ಮಾತಾಡುವ ಮನೆಯಲ್ಲಿ ಇದಕ್ಕೇನು ಕೊರತೆ? ಊರಿನ ವೈರ್‌ಮನ್ ಹುಡುಗ ಬಂದು ಗೋಡೆಯ ಬದಿಯನ್ನು ನೋಡಿ ನಕ್ಕ. “ಕಾಕಾ, ಈ ಮನಿಗೆ ಅರ್ಥಿಂಗೇ ಇಲ್ಲ. ಮೂರನೇ ತೂತಿಗೆ ತಂತೀನೇ ಹಾಕಿಲ್ಲ.” ಅರ್ಥಿಂಗ್ ಎಂದರೆ ತಪ್ಪಿ ಹರಿದ ವಿದ್ಯುತ್ತು ಮನುಷ್ಯನ ಮೈಯನ್ನು ಬಿಟ್ಟು ನೆಲಕ್ಕಿಳಿಯಲು ಮಾಡುವ ದಾರಿ. ಭೂಮಿಯ ಸಂಬಂಧವಿಲ್ಲದ ಕರೆಂಟನ್ನು ಈ ಗಾಡಿ ಮುಟ್ಟುವುದೇ ಇಲ್ಲ. ಮಿಕ್ಸರು, ಟಿ.ವಿ.ಗಳು ಇಪ್ಪತ್ತು ವರ್ಷಗಳಿಂದ ಕೇಳದಿದ್ದ ಪ್ರಶ್ನೆಯನ್ನು ಗಾಡಿ ಬಂದ ದಿನವೇ ಕೇಳಿತು. ಅರ್ಥಿಂಗ್ ಇಲ್ಲದ ಕರೆಂಟು ಅರ್ಥವಿಲ್ಲದ ಮಾತಿನಂತೆ ಎಂದು ನಾನು ಹೇಳಿದೆ. ಹುಡುಗ ಮರ್ಯಾದೆಗಾಗಿ ನಕ್ಕ.

ಹಿಂದಿರುಗುವಾಗ ಇಳಿಜಾರು ಸಹಾಯ ಮಾಡಿತು. ಮನೆಯ ಮುಂದೆ ನಿಂತಾಗ ಫಲಕದ ಮೇಲೆ 52. ಹೋಗಲು 26, ಬರಲು 22. ನಾಲ್ಕು ಸುತ್ತಿಗೆ 96. ಎಂದರೆ ಒಂದೇ ತುಂಬಿಗೆಯಲ್ಲಿ 156 ಕಿಲೋಮೀಟರು ಮುಗಿಯುತ್ತದೆ, ಕೈಯಲ್ಲಿ ನಾಲ್ಕು ಉಳಿಯುತ್ತದೆ! ಕರಪತ್ರದ ಅಂಕೆಯ ಮೂರರಲ್ಲಿ ಎರಡು ಪಾಲು ನಮ್ಮ ಬಿಸಿಲಿನಲ್ಲಿ ಸಿಕ್ಕಿತು. ತರುಣನ “ಸ್ವಲ್ಪ”ಕ್ಕೆ ಈಗ ಒಂದು ಬೆಲೆ ದೊರೆತಂತಾಯಿತು. ಪಾಪ, ಅವನೂ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ.

ಆ ರಾತ್ರಿ ನಾನು ಹೆಂಡತಿಯ ಮುಂದೆ ಲೆಕ್ಕವನ್ನು ಬಿಡಿಸಿಟ್ಟೆ. ಅಕ್ಕ ಆಸ್ಪತ್ರೆಯಲ್ಲಿ ಮಲಗುವ ನಾಲ್ಕು ಗಂಟೆ ಗಾಡಿ ನಮ್ಮ ಮನೆಯಲ್ಲಿ ಪ್ಲಗ್ಗಿಗೆ ನಿಲ್ಲುತ್ತದೆ. ಸಾಧಾರಣ ಹದಿನಾರು ಆಂಪಿಯರಿನ ಪ್ಲಗ್ಗಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಒಳಗೆ ಹೋಗುತ್ತದೆ. ನಾಲ್ಕು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ಒಂದು ಹೋಗಿಬರುವಿಕೆಗೆ ಹತ್ತು ಯೂನಿಟ್, ಆರೇಳು ರೂಪಾಯಿಯಂತೆ ಎಪ್ಪತ್ತರೊಳಗೆ ಖರ್ಚು. ಪೆಟ್ರೋಲಾದರೆ ನಾನೂರು ದಾಟುತ್ತದೆ. ಅವಳು ಎಲ್ಲವನ್ನೂ ಕೇಳಿ, “ನಿಮ್ ಲೆಕ್ಕ ಬರೋಬ್ಬರಿ ಅದರೀ. ಆದ್ರ ಆ ನಾಕ್ ತಾಸಿನ್ಯಾಗ ಕರೆಂಟ್ ಹೋದ್ರ?” ಎಂದಳು. ಕಾರಿಗೆಂದು ತೆಗೆಯುವ ಹಣ ನಿವೃತ್ತಿಯ ಕಾಲಕ್ಕೆ ಬಂದದ್ದರಲ್ಲಿ ಉಳಿದದ್ದರ ದೊಡ್ಡ ಪಾಲು. ಮಳೆಗಾಲಕ್ಕೆ ಸೋರುವ ಮಾಳಿಗೆಯ ದುರಸ್ತಿಗೆಂದು ಅವಳು ಅದರ ಮೇಲೆ ಮೂರು ವರ್ಷದಿಂದ ಕಣ್ಣಿಟ್ಟಿದ್ದಳು. ಮಾಳಿಗೆಯ ಮಾತನ್ನೆತ್ತದೆ ಕರೆಂಟಿನ ಮಾತನ್ನಷ್ಟೇ ಎತ್ತಿದ ಅವಳ ದೊಡ್ಡತನವನ್ನು ನಾನು ಆಗ ಗಮನಿಸಲಿಲ್ಲ.

ಕಾರನ್ನು ಕೊಂಡೆವು. ಮನೆಗೆ ಮಂಜೂರಾಗಿದ್ದ ವಿದ್ಯುತ್ ಹೊರೆಯನ್ನು ಹೆಚ್ಚಿಸಿಕೊಂಡೆವು. ಹೆಂಡತಿಯ ಪ್ರಶ್ನೆಗೆ ಉತ್ತರವಾಗಿ ಕಮಲಾಪುರದಲ್ಲಿ ಗುಂಡಿ ತೋಡಿಸಿದೆವು. ಆರಡಿ ಆಳದ ಗುಂಡಿ, ಅದರಲ್ಲಿ ಕಬ್ಬಿಣದ ಕೊಳವೆ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ. ಮೊದಲು ಅಂಗಳದಲ್ಲಿ ತೋಡಬೇಕೆಂದಿದ್ದೆವು. ವೈರ್‌ಮನ್ ಹುಡುಗ ಬೇಡವೆಂದ. ಕೆಂಪು ಮಣ್ಣು ಬೇಸಗೆಯಲ್ಲಿ ಮೂಳೆಯಂತೆ ಒಣಗುತ್ತದೆ. ಒಣಗಿದ ನೆಲ ವಿದ್ಯುತ್ತನ್ನು ನುಂಗುವುದಿಲ್ಲ. ಗುಂಡಿ ಯಾವಾಗಲೂ ತೇವವಾಗಿರಬೇಕು. ಹಾಗಾದರೆ ಎಲ್ಲಿ? ಅಕ್ಕ ಕೋಲಿನಿಂದ ತೋರಿಸಿದಳು: ಬಾಳೆಯ ಮೊದಲ ಸಾಲಿನ ಪಕ್ಕ, ಹನಿನೀರಿನ ಕೊಳವೆ ಮುಗಿಯುವಲ್ಲಿ. ಅಲ್ಲಿಂದ ಗೋಡೆಯವರೆಗೆ ತಂತಿ ಎಳೆದು ಪ್ಲಗ್ಗು ಹಾಕಿದ ಮೇಲೆ ಹಸಿರು ದೀಪ ಬಂತು. ಇದಕ್ಕಾದ ನಾಲ್ಕೂವರೆ ಸಾವಿರ ದಂಡವೆಂದು ಗೊಣಗಿದವನು ನಾನೇ.

ಮೊದಲ ದಿನ ಬಂದಿತು. ಬೆಳಿಗ್ಗೆ ಐದೂವರೆಗೆ ಹೊರಟು, ಅಕ್ಕನನ್ನು ಮುಂದಿನ ಆಸನದಲ್ಲಿ ಒರಗಿಸಿ ಕೂರಿಸಿಕೊಂಡು, ಎಂಟೂವರೆಗೆ ಆಸ್ಪತ್ರೆಯಲ್ಲಿ ಬಿಟ್ಟು, ಮನೆಗೆ ಬಂದು ಗಾಡಿಯನ್ನು ಪ್ಲಗ್ಗಿಗೆ ಹಚ್ಚಿದೆ. ಐವತ್ತು ಇದ್ದದ್ದು ಐವತ್ತೇಳಕ್ಕೆ ಏರಿತ್ತಷ್ಟೆ. ಓಣಿಯ ಕರೆಂಟು ಹೋಯಿತು. ಬಂದೀತು, ಬಂದೀತು ಎಂದು ಫ್ಯಾನಿನ ರೆಕ್ಕೆಗಳನ್ನು ನೋಡುತ್ತ ಕುಳಿತೆ. ಹತ್ತು ಹೊಡೆಯಿತು, ಹನ್ನೊಂದು ಹೊಡೆಯಿತು. ಹನ್ನೆರಡೂವರೆಗೆ ಎದ್ದು ಹೊರಟಾಗಲೂ ಬಂದಿರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಏನೂ ಅನ್ನಲಿಲ್ಲ.

ಚಿಕಿತ್ಸೆಯ ನಂತರ ಅಕ್ಕ ಹಿಂಡಿದ ಬಟ್ಟೆಯಂತಿದ್ದಳು. ಗಾಡಿಯಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡಳು. ಫಲಕದ ಮೇಲೆ 55. ಕಮಲಾಪುರ ಮುಟ್ಟಲು 26 ಬೇಕು, ಉಳಿಯುವುದು 29. ಬರಲು 22. ಕೊನೆಗೆ ಏಳು. ಹೊರಗೆ ಲಾರಿಯ ಹೊಗೆ ಕೂಡ ಮೇಲೇಳಲಾರದಂಥ ಬಿಸಿಲು. ಎ.ಸಿ. ಆರಿಸಿದರೆ ಮೂರೋ ನಾಲ್ಕೋ ಉಳಿದೀತು ಎಂದು ನನ್ನ ಕೈ ಗುಂಡಿಯ ಬಳಿಗೆ ಹೋದದ್ದು ಹೌದು. ಅಕ್ಕ ಕಣ್ಣು ತೆರೆದಿದ್ದಳೆಂಬುದು ನನಗೆ ತಿಳಿದಿರಲಿಲ್ಲ.

“ಯಾಕೋ ತಮ್ಮಾ?”

ಕರೆಂಟು ಹೋದ ಸಂಗತಿಯನ್ನು ಹೇಳಿದೆ. ನಾಲ್ಕು ತಾಸು ಗಾಡಿಯನ್ನೂ ಯಂತ್ರಕ್ಕೆ ಹಚ್ಚಬೇಕಾಗಿತ್ತು, ಅರ್ಧ ತಾಸೂ ಆಗಲಿಲ್ಲ ಎಂದೆ. ಅವಳು ಒಂದು ಗಳಿಗೆ ಸುಮ್ಮನಿದ್ದು ನಕ್ಕಳು. ಬಹಳ ದಿನಗಳ ಮೇಲೆ ಕೇಳಿದ ನಗೆ. “ಅಂದ್ರ ಇದಕ್ಕೂ ನನ್ನಂಗೇ ವಾರಕ್ಕೆರಡು ಸಲ ನಾಕ್ ತಾಸು! ಬಿಡು, ನಾವಿಬ್ರೂ ಜೋಡಿ ಆದಿವಿ. ಎ.ಸಿ. ಬೇಕಾದ್ರ ಆರಿಸು, ನನಗೇನಾಗಂಗಿಲ್ಲ.” ನಾನು ಆರಿಸಲಿಲ್ಲ. ಐವತ್ತೈದರ ವೇಗದಲ್ಲಿ, ಬಲಗಡೆ ಲಾರಿಗಳನ್ನು ಬಿಡುತ್ತ, ಮಹಾಗಾಂವ್ ಕ್ರಾಸನ್ನು ದಾಟಿ ಹೋದೆ. ಅಕ್ಕ ನಿದ್ದೆ ಹೋದಳು. ಬೇಲಿಯ ಬಳಿ ಅಂಕೆ 29 ಎಂದು ತೋರಿಸಿತು. ನಿಧಾನವಾಗಿ ಬಂದದ್ದರಿಂದ ಏನೂ ಉಳಿದಂತೆ ಕಾಣಲಿಲ್ಲ, ಬಿಸಿಲು ತಿಂದಿತ್ತು.

ಅವಳನ್ನು ಒಳಗೆ ಮಲಗಿಸಿ ಹೊರಬಂದು ತಂತಿಯನ್ನು ಪ್ಲಗ್ಗಿಗೆ ಸಿಕ್ಕಿಸಿದೆ. ಕೆಂಪು ದೀಪ ಮಿನುಗಿತು. ಎದೆ ಧಸಕ್ಕೆಂದಿತು. ಆಳುಮಗ ಮರದ ಕೆಳಗೆ ಕುಳಿತಿದ್ದವನು ಎದ್ದು ಬಂದು, “ಗುಂಡ್ಯಾಗ ನೀರ್ ಆರ್ಯಾವ್ರೀ ಅಪ್ಪಾರ, ಎರಡ್ ದಿನ ಪೈಪ್ ಬಿಟ್ಟಿಲ್ಲ” ಎಂದ. ಇಬ್ಬರೂ ಸೇರಿ ನಾಲ್ಕು ಕೊಡ ನೀರು ಹೊತ್ತು ಸುರಿದೆವು. ಉಪ್ಪು ಇದ್ದಿಲುಗಳ ನಡುವೆ ನೀರು ಗುಳುಗುಳು ಎಂದು ಇಳಿಯಿತು. ಸ್ವಲ್ಪ ಹೊತ್ತು ಕಾದು ಮತ್ತೆ ಸಿಕ್ಕಿಸಿದೆ. ಹಸಿರು.

ಹೊತ್ತು ಮುಳುಗುವವರೆಗೆ ಕಾದು ಹೊರಡಬಹುದಾಗಿತ್ತು. ಅಕ್ಕ ಎದ್ದು ಬಂದು ಕಟ್ಟೆಯ ಮೇಲೆ ಕುಳಿತು, “ಪೂರಾ ತುಂಬಲಿ, ನಾಳಿ ಹೋಗೀಯಂತ” ಎಂದಳು. ಭಾವನವರ ಕರ್ಮಾಂತರದ ನಂತರ ನಾನು ಆ ಮನೆಯಲ್ಲಿ ರಾತ್ರಿ ಉಳಿದವನಲ್ಲ. ಯಾವಾಗಲೂ ಕೊನೆಯ ಬಸ್ಸಿನ ಅವಸರ. ಮನೆಗೆ ಫೋನು ಮಾಡಿ ಹೇಳಿದೆ. “ಗುಂಡಿ ಉಪಯೋಗಕ್ಕ ಬಂತಲ್ಲ” ಎಂದು ಆ ಕಡೆಯಿಂದ ಉತ್ತರ ಬಂತು. ಕರೆಂಟು ನಾನು ಹೊರಟ ಕಾಲು ಗಂಟೆಗೇ ಬಂದಿತಂತೆ. ಅಂಗಳದಲ್ಲಿ ಹೊರಸು ಹಾಕಿಕೊಂಡು ಮಲಗಿದೆವು. ಗಾಡಿ ಗೋಡೆಯ ಪಕ್ಕದಲ್ಲಿ ಹಸಿರು ಕಣ್ಣು ಬಿಟ್ಟುಕೊಂಡು ನಿಂತಿತ್ತು. ಬೆಳಿಗ್ಗೆ ನಾನೆದ್ದಾಗ ಅಕ್ಕ ಆಗಲೇ ತೋಟದಲ್ಲಿದ್ದಳು. ಆಳುಮಗನಿಗೆ ಇನ್ನುಮುಂದೆ ಮೊದಲ ಸಾಲಿನ ಗಿಡಗಳಿಗೆ ನೀರು ಬಿಟ್ಟಾಗಲೆಲ್ಲ ಗುಂಡಿಗೂ ಎರಡು ಕೊಡ ಹಾಕಬೇಕೆಂದು ಹೇಳುತ್ತಿದ್ದಳು. ಹಿಂದಿನ ಆಸನದ ಮೇಲೆ, ಹಳೆಯ ಸೀರೆಯಲ್ಲಿ ಸುತ್ತಿದ ಕೆಂಪು ಬಾಳೆಯ ಎರಡು ಚಿಪ್ಪುಗಳಿದ್ದವು. “ಮೇಲಿನ ನಾಕು ಇವತ್ತೇ ತಿನ್ರಿ, ಕೆಳಗಿನವು ಇನ್ನೆರಡು ದಿನ ಬೇಕು” ಎಂದಳು. ಮನೆಗೆ ಬಂದು ಬಿಚ್ಚಿ ನೋಡಿದೆವು. ಮೇಲಿನ ನಾಲ್ಕೇ ಮಾಗಿದ್ದವು.